ಮೈನಾ ಮಂಗಳವಾರವೇ ಯಾಕೆ ನಿಲ್ಲುತ್ತಾಳೆ?

ಬೆಳಗಿನ ಐದು ಗಂಟೆ. ಉಗರಗೋಳದ ಸೋಮಪ್ಪನವರ ಹಿತ್ತಿಲಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಬೆಳಕಿನಲ್ಲಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಹೆಂಗಸೊಬ್ಬರು ಕಂದು ಕುದುರೆಯ ಮಗ್ಗುಲಿಗೆ ನಿಂತು ಅದರ ತೊಡೆಯ ಮೇಲೆ ಎರಡೂ ಅಂಗೈ ಒತ್ತುತ್ತಿದ್ದಾರೆ. ಒತ್ತುತ್ತಾರೆ, ಬಿಡುತ್ತಾರೆ, ನಾಲ್ಕು ಬೆರಳು ಈಚೆಗೆ ಸರಿದು ಮತ್ತೆ ಒತ್ತುತ್ತಾರೆ. ಕುದುರೆ ಕಿವಿ ಹಿಂದಕ್ಕೆ ಮಾಡುತ್ತದೆ, ಆದರೆ ಕಾಲು ಕದಲಿಸುವುದಿಲ್ಲ. ಅದೇ ಅವರ ಚಿಂತೆ.

“ನಿನ್ನೆ ಕಲ್ಲ ಆಗಿತ್ತರೀ ಇದು. ಇವತ್ತ ಹಸಿ ಇಟ್ಟಂಗಿ ಆಗೇದ. ನಾದಿದ ಕಣಕದ ಹಂಗ ಆಗೂತನಕ ನನಗ ಸಮಾಧಾನಿಲ್ಲ” ಎನ್ನುತ್ತಾರೆ ರಾಧಾಬಾಯಿ.

ಅವರಿಗೆ ಅರವತ್ತೆರಡು ವರ್ಷ. ಹದಿನೇಳು ವರ್ಷಗಳಿಂದ ಈ ಹಿತ್ತಿಲಿನ ಕುದುರೆಗಳಿಗೆ ಮೇವು ತೂಗುವುದು, ಕಾಳು ಬೇಯಿಸುವುದು, ಗೊರಸು ಒರೆಸುವುದು, ಲದ್ದಿ ನೋಡಿ ಹೊಟ್ಟೆಯ ಸುದ್ದಿ ತಿಳಿಯುವುದು ಅವರ ಕೆಲಸ. ಈಗ ಇರುವುದು ಮೂರು ಕುದುರೆ. ಸುಲ್ತಾನ ಮತ್ತು ಕಾಳ್ಯಾ ಮದುವೆಯ ಮೆರವಣಿಗೆಗೆ ಹೋಗುತ್ತವೆ. ಮೈನಾ ಎಂಬ ಈ ಹೆಣ್ಣು ಕುದುರೆ ಟಾಂಗಾ ಎಳೆಯುತ್ತದೆ. ಬಸ್ಸಿಳಿದ ಭಕ್ತರನ್ನು ಎಲ್ಲಮ್ಮನ ಗುಡ್ಡಕ್ಕೆ ಮುಟ್ಟಿಸಿ ಬರುವುದು ಅದರ ನಿತ್ಯದ ದುಡಿಮೆ.

ಬಲ್ಬಿನ ಬೆಳಕಿನಲ್ಲೇ ಅವರು ಬಗ್ಗಿ ನೆಲದ ಹುಲ್ಲನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ. ಕುದುರೆ ರಾತ್ರಿ ಉಚ್ಚೆ ಹೊಯ್ದ ಜಾಗ ಅದು. ನಿನ್ನೆ ಅದು ಚಹಾದ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಇವತ್ತು ತುಸು ತಿಳಿಯಾಗಿದೆ. ಯಾಕೆ ಕಪ್ಪಾಯಿತು, ಯಾಕೆ ತಿಳಿಯಾಗುತ್ತಿದೆ ಎಂದು ಕೇಳಿದರೆ ಅವರು ಹುಲ್ಲನ್ನು ಕೆಳಗೆ ಹಾಕಿ ಕೈ ಝಾಡಿಸುತ್ತಾರೆ.

“ಅದs ತಿಳೀವಲ್ತು ನೋಡ್ರಿ. ಹದಿನೇಳು ವರ್ಷದಾಗ ಇಷ್ಟು ಗೊಂದಲ ನನಗ ಎಂದೂ ಆಗಿದ್ದಿಲ್ಲ.”

ಆಗಿರುವುದು ಇಷ್ಟು. ಶ್ರಾವಣ ಹಿಡಿದ ಮೇಲೆ ಮೈನಾ ಮೂರು ಸಲ ದಾರಿಯಲ್ಲಿ ನಿಂತುಬಿಟ್ಟಿದ್ದಾಳೆ. ಮೂರೂ ಸಲ ಮಂಗಳವಾರ. ಬೆಳಿಗ್ಗೆ ಗಾಡಿ ಹೂಡಿದಾಗ ಕುಣಿಯುತ್ತಲೇ ಹೊರಡುತ್ತಾಳೆ. ಕಾಲು ತಾಸು ಆಗುವಷ್ಟರಲ್ಲಿ ಮೈತುಂಬ ಬೆವರು. ಹಿಂಗಾಲು ಮರಗಟ್ಟುತ್ತವೆ. ಆಮೇಲೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಮೊದಲ ಎರಡು ಸಲ ಎರಡೆರಡು ತಾಸು ನಿಂತು ಸುಧಾರಿಸಿಕೊಂಡಳು. ನಿನ್ನೆಯ ಮೂರನೆಯ ಸಲ ಉಚ್ಚೆಯೂ ಕಪ್ಪಾಯಿತು. ಗಾಡಿಯಲ್ಲಿದ್ದ ಭಕ್ತರು ಇಳಿದು, ಬರಿಗಾಲಲ್ಲೇ ಗುಡ್ಡ ಹತ್ತಿದರು.

ಮಂಗಳವಾರ ಎಲ್ಲಮ್ಮನ ವಾರ. ಗುಡ್ಡಕ್ಕೆ ಜನ ಹೆಚ್ಚು, ಟಾಂಗಾಕ್ಕೂ ದುಡಿಮೆ ಹೆಚ್ಚು. ಅದೇ ವಾರ ಹಿಡಿದು ಕುದುರೆ ನಿಲ್ಲುತ್ತದೆಂದರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ಹರಕೆ ತಪ್ಪಿರಬೇಕು ಎಂದರು ಒಬ್ಬರು. ದೃಷ್ಟಿ ಎಂದರು ಇನ್ನೊಬ್ಬರು. ಗೊರಸಿನೊಳಗೆ ಮೊಳೆ ನಟ್ಟಿರಬೇಕು ಎಂದು ಮತ್ತೊಬ್ಬರು ನಾಲ್ಕೂ ಕಾಲು ಎತ್ತಿಸಿ ನೋಡಿದರು. ಸೋಮಪ್ಪ ಗುಡ್ಡಕ್ಕೆ ಹೋಗಿ ಉಡಿ ತುಂಬಿಸಿ ಬಂದರು. ಆಮೇಲಿನ ಮಂಗಳವಾರವೂ ಮೈನಾ ನಿಂತಳು.

ಕುದುರೆಗಳ ಒಡೆಯರೂ ಟಾಂಗಾ ಹೊಡೆಯುವವರೂ ಆದ ಸೋಮಪ್ಪನವರಿಗೆ ನಲವತ್ತೈದು ದಾಟಿದೆ. ಗಟ್ಟಿ ದನಿಯ, ಮೆತ್ತನೆ ಮನಸ್ಸಿನ ಮನುಷ್ಯ. ನಿನ್ನೆ ಮಾತ್ರ ಅವರ ದನಿಯೂ ಮೆತ್ತಗಾಗಿತ್ತು.

“ಬಾಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಮೂರೂ ಕುದರಿ ನಿಮ್ಮ ಕೈಯಾಗ ತಿಂತಾವ. ಎರಡಕ್ಕ ಏನೂ ಇಲ್ಲ. ಇಕಿಗಷ್ಟ ಯಾಕ ಹಿಂಗ?”

“ಅದನ್ನ ನಾನೂ ಕೇಳಲಿಕ್ಕೆ ಹತ್ತೇನಿ. ಯಾರನ್ನ ಕೇಳಬೇಕು ಅದು ತಿಳೀವಲ್ತು.”

“ಬದಾಮಿ ಕಡೆಯಾಂವ ಒಬ್ಬಾಂವ ಕುದರಿ ಕೇಳಾಕತ್ತಾನ. ಇನ್ನೊಂದು ಮಂಗಳವಾರ ನೋಡತೇನ್ರಿ. ಅವತ್ತೂ ನಿಂತ್ರ ಕೊಟ್ಟ ಬಿಡತೇನಿ. ದಾರಿಯಾಗ ಬಿದ್ದು ಸತ್ತ್ರ ಆ ಪಾಪ ಯಾರು ಹೊರಬೇಕು?”

ಮರಿಯಾಗಿ ಈ ಹಿತ್ತಿಲಿಗೆ ಬಂದ ಮೈನಾಳಿಗೆ ಮೊದಲ ಕಾಳು ತಿನ್ನಿಸಿದವರು ರಾಧಾಬಾಯಿಯೇ. ಕುದುರೆ ಹೋಗುವುದು ಒಂದು ದುಃಖ. ಅದಕ್ಕಿಂತ ಹೆಚ್ಚಾಗಿ ಕುಟುಕುತ್ತಿರುವುದು ಇನ್ನೊಂದು ಮಾತು: ತನ್ನ ಕೈಯಿಂದಲೇ ಏನೋ ತಪ್ಪಾಗಿ, ಆ ತಪ್ಪು ಏನೆಂದು ಗೊತ್ತಾಗದೆ ಮೈನಾ ಪರವೂರಿನ ಪಾಲಾಗುವುದು.

ಈ ಕೈ ಮೊದಲು ಹೋಳಿಗೆ ತಟ್ಟುತ್ತಿದ್ದ ಕೈ. ರಾಧಾಬಾಯಿಯ ತವರು ಸವದತ್ತಿ. ತಂದೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿಗೇ ಹೋಗಿ ಬಾಟಲಿ ತೊಳೆಯುತ್ತ, ಎಮ್ಮೆಯ ಮೂಗುದಾರ ಹಿಡಿದು ನಿಲ್ಲುತ್ತ ದೊಡ್ಡವಳಾದಳು. ಕೊಟ್ಟದ್ದು ಹೂಲಿಯ ಪೂಜಾರಿಕೆಯ ಮನೆಗೆ. ಗಂಡ ನೀಲಕಂಠ ಅವರದು ಅಲ್ಲಿನ ಒಂದು ಸಣ್ಣ ಈಶ್ವರ ಗುಡಿಯ ಪೂಜೆ. ಅದರಿಂದ ಸಂಸಾರ ನಡೆಯುವಂತಿರಲಿಲ್ಲ. ರಾಧಾಬಾಯಿ ಮದುವೆ ಮನೆಗಳಲ್ಲಿ ಅಡಿಗೆಗೆ ನಿಂತರು.

ಅಂಥ ಒಂದು ಮದುವೆ ಮುನವಳ್ಳಿಯಲ್ಲಿ. ಮದುಮಗನನ್ನು ಹೊತ್ತು ತಂದ ಕುದುರೆಗೆ ಯಾರೋ ಅಕ್ಕರೆಯಿಂದ ಒಂದು ಬುಟ್ಟಿ ಬುಂದಿ ತಿನ್ನಿಸಿದ್ದರು. ಪೆಂಡಾಲಿನ ಹಿಂದೆ ಅದು ಬಿದ್ದು ಹೊರಳಾಡತೊಡಗಿತು. ರಾಧಾಬಾಯಿ ಒಲೆ ಬಿಟ್ಟು ಎದ್ದರು. ಹಿಟ್ಟು ಮೆತ್ತಿದ ಕೈಯಲ್ಲೇ ಹಗ್ಗ ಹಿಡಿದು, ಕುದುರೆಯನ್ನು ಎಬ್ಬಿಸಿ, ಡಾಕ್ಟರು ಬರುವವರೆಗೆ ಮೂರು ತಾಸು ಬಿಸಿಲಿನಲ್ಲಿ ನಡೆಸಿದರು. ಕುದುರೆ ಸೋಮಪ್ಪನವರದು. ಮುಂದಿನ ವಾರ ಅವರು ತೆಂಗಿನಕಾಯಿ ಹಿಡಿದುಕೊಂಡು ಹೂಲಿಗೆ ಬಂದರು.

“ಹೋಳಿಗಿ ಹೆಣಚಿನ ಮ್ಯಾಲೆ ಹೊತ್ತಿ ಹೋದವು. ಬೀಗರು ಬೈದರು. ಆದ್ರ ಬೀಗರ ಹೊಟ್ಟಿ ಕೆಟ್ಟರ ವಾಂತಿ ಆಗತದ್ರಿ, ಕುದುರಿಗೆ ವಾಂತಿ ಮಾಡಲಿಕ್ಕೆ ಬರಂಗಿಲ್ಲ. ಒಳಗ ಹೋದದ್ದು ಮುಂದs ಹೋಗಬೇಕು” ಎಂದು ನಗುತ್ತಾರೆ.

ಅಂದಿನಿಂದ ಗಂಡ ಹೆಂಡತಿ ಉಗರಗೋಳದ ಬಾಡಿಗೆ ಖೋಲಿಯಲ್ಲಿದ್ದಾರೆ. ದಿನ ಶುರುವಾಗುವುದು ನಾಲ್ಕೂಮುಕ್ಕಾಲಿಗೆ. ಒಂದು ಕುದುರೆಗೆ ದಿನಕ್ಕೆ ಆರು ಕಿಲೋ ಒಣಮೇವು, ದುಡಿಯುವ ದಿನ ಎರಡೂವರೆ ಕಿಲೋ ಕಾಳು, ಒಂದು ಹಿಡಿ ಉಪ್ಪು, ನಲವತ್ತು ಲೀಟರ್ ನೀರು. ಕಾಳೆಂದರೆ ಬೇಯಿಸಿದ ಹುರಳಿ, ಒಡೆದ ಜವೆಗೋಧಿ, ಗೋಧಿಯ ಭೂಸಾ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಾರೆ. ಸೇರಿನಿಂದ ಅಳೆಯುವುದು ಅವರಿಗೆ ಸೇರುವುದಿಲ್ಲ. “ಒಂದು ಸೇರು ಭೂಸಾ ಹಗುರ, ಒಂದು ಸೇರು ಹುರಳಿ ಭಾರ. ಕಣ್ಣಿಗೆ ಎರಡೂ ಅಷ್ಟs ಕಾಣತಾವ. ಹೊಟ್ಟಿ ಮೋಸ ಹೋಗತದ.”

ಕಾಲ ಬದಲಾದಂತೆ ಈ ಲೆಕ್ಕವೂ ಬದಲಾಗುತ್ತದೆ. ಬೇಸಿಗೆಯಲ್ಲಿ ಮೊದಲು ನೀರು, ಅರ್ಧ ತಾಸು ಬಿಟ್ಟು ಕಾಳು. ಹನ್ನೊಂದರೊಳಗೆ ಗಾಡಿ ಬಿಚ್ಚಲೇಬೇಕು ಎಂಬುದು ಅವರ ಕಟ್ಟಪ್ಪಣೆ. ಸಂಜೆ ಮೈ ತೊಳೆದು ಬೆಲ್ಲ ಉಪ್ಪಿನ ನೀರು. ಮಳೆ ಹಿಡಿದರೆ ಜೋಳದ ಒಣ ಕಣಿಕೆಯ ಪ್ರತಿ ಕಟ್ಟನ್ನೂ ಬಿಚ್ಚಿ ಮೂಸಿ ನೋಡುತ್ತಾರೆ. ಬೂಸಲು ವಾಸನೆ ಬಂದರೆ ತಿಪ್ಪೆಗೆ. ಎಳೆ ಜೋಳದ ಹಸಿ ಮೇವು ಎಷ್ಟೇ ಹಸಿರಾಗಿದ್ದರೂ ಹತ್ತಿರ ತರಗೊಡುವುದಿಲ್ಲ. ಗೊರಸಿನ ಸಂದಿನ ಕೆಸರು ತೆಗೆದು, ಬೇವಿನೆಣ್ಣೆ ಹಚ್ಚಿ, ನೊಣಕ್ಕೆ ಹೊಗೆ ಹಾಕುತ್ತಾರೆ. ಚಳಿಗೆ ಒಂದು ಬೊಗಸೆ ಅಗಸೆ ಬೀಜ ಕುದಿಸಿ ಭೂಸಾದಲ್ಲಿ ಕಲಸುತ್ತಾರೆ. ಕೂದಲು ಮಿಂಚತೊಡಗಿದರೆ ಚಳಿಗಾಲ ಕೂಡಿ ಬಂತೆಂದು ಅರ್ಥ.

ಈ ವರ್ಷ ಆ ಲೆಕ್ಕವೇ ಕಲಸಿಹೋಗಿದೆ. “ಮಿರಗ ಮಳಿ ಮಿರಗದಾಗ ಬರಲಿಲ್ಲ. ಆಷಾಢದಾಗ ಬಿಸಿಲು ಬಿತ್ತು. ಬ್ಯಾಸಗಿ ಪದ್ಧತಿ ಯಾವಾಗ ಬಿಡಬೇಕು, ಮಳಿಗಾಲದ್ದು ಯಾವಾಗ ಹಿಡೀಬೇಕು? ಎರಡು ಸಲ ಹಿಡದು ಎರಡು ಸಲ ಬಿಟ್ಟೆ. ಅದರಾಗೇನರೆ ತಪ್ಪೇನು ಅಂತ ಮೊದಲ ಮಂಗಳವಾರ ಅನ್ಕೊಂಡೆ. ಮೇವು ಬದಲಿ ಮಾಡಿದೆ. ಎರಡನೇ ಮಂಗಳವಾರ ಉಪ್ಪು ಹೆಚ್ಚು ಮಾಡಿದೆ. ಮೂರನೇದಕ್ಕ ನನ್ನ ತಕ್ಕಡಿ ಮ್ಯಾಲೆನs ಸಂಶಯ ಬಂತು.” ಕಿರಾಣಿ ಅಂಗಡಿಗೆ ಹೋಗಿ ತಮ್ಮ ತೂಕದ ಕಲ್ಲುಗಳನ್ನು ತೂಗಿಸಿಕೊಂಡು ಬಂದರಂತೆ. ತೂಕ ಸರಿಯಾಗಿಯೇ ಇತ್ತು.

ಹಗಲು ಹತ್ತಕ್ಕೆ ಪಶುವೈದ್ಯೆ ಸುಚೇತಾ ಎರಡನೆಯ ಸಲ ನೋಡಲು ಬರುತ್ತಾರೆ. ನಿನ್ನೆ ಸೂಜಿ, ಸಲೈನ್ ಕೊಟ್ಟು, ರಕ್ತ ತೆಗೆದುಕೊಂಡು ಹೋಗಿದ್ದರು. ಮೈನಾಳ ತೊಡೆ ಒತ್ತಿ ನೋಡಿ, ಕುದುರೆಯ ಸ್ನಾಯುಗಳೇ ಹಾನಿಗೊಂಡಿವೆ, ಆ ಹಾನಿಯ ಬಣ್ಣವೇ ಉಚ್ಚೆಯಲ್ಲಿ ಇಳಿದದ್ದು ಎಂದು ವಿವರಿಸುತ್ತಾರೆ. ದಿನಾ ದುಡಿಯುವ ಕುದುರೆ ಒಂದು ದಿನ ನಿಂತು, ಆ ದಿನವೂ ಹೊಟ್ಟೆ ತುಂಬ ಕಾಳು ತಿಂದು, ಮರುದಿನ ಗಾಡಿಗೆ ಬಿದ್ದರೆ ಹೀಗಾಗುತ್ತದೆ.

“ಸೋಮವಾರ ಇಕಿಗೆ ರಜಾ ಅದರಿ. ಈ ಮನ್ಯಾಗ ಸೋಮವಾರ ಏನೂ ಹೂಡಂಗಿಲ್ಲ” ಎಂದು ರಾಧಾಬಾಯಿ ಹೇಳುತ್ತಾರೆ. “ಆದ್ರ ನಾ ಆ ದಿನ ಕಾಳು ಅರ್ಧಾ ಮಾಡತೀನಿ. ನಮ್ಮ ಅಪ್ಪಾ ಹೇಳಿಕೊಟ್ಟದ್ದು.”

“ಅರ್ಧಕ್ಕ ಹಿಂಗ ಆಗಬಾರದಲ್ರಿ ಮತ್ತ” ಎಂದು ಡಾಕ್ಟರೂ ಹುಬ್ಬು ಗಂಟಿಕ್ಕುತ್ತಾರೆ. ಹತ್ತು ದಿನ ವಿಶ್ರಾಂತಿ, ಬರೀ ಹುಲ್ಲು, ಒಂದು ಕಾಳೂ ಬೇಡ ಎಂದು ಹೇಳಿ ಹೋಗುತ್ತಾರೆ.

ರಾಧಾಬಾಯಿ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತಾರೆ: ಯಾರಾದರೂ ಮೈನಾಳಿಗೆ ಕಾಳು ಹಾಕಿದ್ದೀರಾ? ಯಾರೂ ಇಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತ ಸೋಮಪ್ಪನ ತಾಯಿ ಚನ್ನವ್ವನಿಗೆ ಈ ಪ್ರಶ್ನೆಯೇ ಅಪಮಾನ. ಎಂಬತ್ತರ ಮುದುಕಿ, ಹಲ್ಲು ಹೋಗಿದ್ದರೂ ಮಾತಿನ ಮೊನೆ ಹೋಗಿಲ್ಲ.

“ನಿಮ್ಮ ಕುದರಿ ಕಾಳಿಗೆ ನಾ ಯಾಕ ಕೈ ಹಾಕಲಿ ಬಾಯಾರ? ನೀವs ಮತ್ತ ಏಕಾದಶಿ ಹಿಡಿಸೀರೇನ್ ನೋಡ್ರಿ ಅದಕ್ಕ!”

ಏಕಾದಶಿಯ ಮಾತು ಹದಿನೇಳು ವರ್ಷ ಹಳೆಯದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾಧಾಬಾಯಿ ತಮ್ಮ ಏಕಾದಶಿಯ ದಿನ ಕುದುರೆಗಳಿಗೂ ಕಾಳು ಕೊಡದೆ ಬರೀ ಹುಲ್ಲು ಹಾಕಿದ್ದರು. ತಾವು ಉಪವಾಸವಿದ್ದು ಇನ್ನೊಬ್ಬರಿಗೆ ಹುರಳಿ ಬೇಯಿಸುವುದು ಅವರಿಗೆ ಆಗ ಹಿಡಿಸಿರಲಿಲ್ಲ. ಸೋಮಪ್ಪ ತಲೆ ಚಚ್ಚಿಕೊಂಡ ಮೇಲೆ ಬಿಟ್ಟರು. ಚನ್ನವ್ವ ಬಿಡಲಿಲ್ಲ. ಕುದುರೆ ಸೀನಿದರೂ ಏಕಾದಶಿಯೇ ಕಾರಣ.

ಖೋಲಿಗೆ ಬಂದು ರಾಧಾಬಾಯಿ ಗಂಡನ ಮುಂದೆ ಕುಳಿತುಕೊಳ್ಳುತ್ತಾರೆ. ನೀಲಕಂಠ ಪಂಚಾಂಗ ತೆಗೆದು, ಮೂರೂ ಮಂಗಳವಾರಗಳ ತಿಥಿ ನಕ್ಷತ್ರ ನೋಡಿ, ಮುಚ್ಚಿಡುತ್ತಾರೆ. ಮೂರಕ್ಕೂ ಒಂದಕ್ಕೊಂದು ತಾಳೆಯಿಲ್ಲ.

“ಇದರಾಗ ಮನಷ್ಯಾಂದು ಅದ, ಕುದುರೀದು ಇಲ್ಲ. ಒಂದು ಮಾತು ಕೇಳತೀನಿ. ಮಂಗಳವಾರದ ಹಿಂದಿನ ದಿನ ನೀ ಎಲ್ಲಿರತೀ?”

“ನಿಮ್ಮ ಜೋಡಿ ಹೂಲಿಯಾಗ.”

“ಹಂಗಾರ ಆ ದಿನ ಅಲ್ಲೇನ್ ನಡೀತದಂತ ನಿನಗ ಹೆಂಗ ಗೊತ್ತು?”

ಪ್ರತಿ ಸೋಮವಾರ ನೀಲಕಂಠರ ಪೂಜೆಯ ಸರದಿ. ಬೆಳಗಿನ ಮೇವು ಮುಗಿಸಿ ರಾಧಾಬಾಯಿ ಗಂಡನೊಂದಿಗೆ ಹೂಲಿಗೆ ಹೋಗಿ, ಗುಡಿಯ ಅಂಗಳ ಸಾರಿಸಿ, ನೈವೇದ್ಯ ಮಾಡಿ, ಸಂಜೆಯ ಬಸ್ಸಿಗೆ ಬರುತ್ತಾರೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮೇವನ್ನು ತಾವೇ ಹಾಕುವುದರಿಂದ ನಡುವಿನ ಹೊತ್ತಿನ ಬಗ್ಗೆ ಅವರು ಎಂದೂ ಯೋಚಿಸಿದ್ದಿಲ್ಲ. ಮುಂದಿನ ಸೋಮವಾರ ಗಂಡನೊಬ್ಬನನ್ನೇ ಬಸ್ಸು ಹತ್ತಿಸಿ, ಹಿತ್ತಿಲಿನ ಕಟ್ಟೆಯ ಮೇಲೆ ಕೂರುತ್ತಾರೆ.

ಹನ್ನೆರಡು ಗಂಟೆ. ಚನ್ನವ್ವನ ಲಿಂಗಪೂಜೆ ಮುಗಿದಿದೆ. ಹಣೆತುಂಬ ವಿಭೂತಿ ಧರಿಸಿದ ಮುದುಕಿ ಗೋಡೆ ಹಿಡಿಯುತ್ತ, ಪರಾತ ಎಂಬ ಅಗಲ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಎತ್ತಿನ ಕೊಟ್ಟಿಗೆಗೆ ಬರುತ್ತಾರೆ. ಕೊಟ್ಟಿಗೆಯಲ್ಲಿ ಈಗ ಎತ್ತುಗಳಿಲ್ಲ. ಯುಗಾದಿಗೆ ಟ್ರ್ಯಾಕ್ಟರ್ ಬಂತು, ಜೋಡಿ ಎತ್ತು ಹೋದವು. ಆಷಾಢದ ಕೊನೆಗೆ ಕುದುರೆ ಲಾಯದ ಒಂದು ತಗಡು ಸೋರತೊಡಗಿದ್ದರಿಂದ ಮೈನಾಳನ್ನು ಆ ಖಾಲಿ ಗೋದಲಿಗೆ ತಂದು ಕಟ್ಟಿದ್ದಾರೆ.

ಮೈನಾಳ ಹಣೆಗೆ ವಿಭೂತಿ ಹಚ್ಚಿ, ಗೊರಸಿಗೆ ನೀರು ಹಾಕಿ, ಕೈಮುಗಿದು ಚನ್ನವ್ವ ಪರಾತ ಮುಂದಿಡುತ್ತಾರೆ. ಗೋಧಿ ಹುಗ್ಗಿ, ನೆನೆಸಿದ ಕಡಲೆ, ಮೇಲೊಂದು ಉಂಡೆ ಬೆಲ್ಲ. ಕುದುರೆ ಮೂತಿ ಚಾಚುವಷ್ಟರಲ್ಲಿ ರಾಧಾಬಾಯಿ ಓಡಿ ಬಂದು ಪರಾತ ಎಳೆದುಕೊಳ್ಳುತ್ತಾರೆ.

“ಅಯ್ಯ ನನ ಶಿವನ! ಎಡಿಗೆ ಕೈ ಹಚ್ಚತೀರಲ್ರಿ ಬಾಯಾರ!”

“ಚನ್ನವ್ವಾರ, ಕಾಳು ಹಾಕಿಲ್ಲ ಅಂದ್ರೆಲ್ಲಾ ನೀವು?”

“ಕಾಳೆಲ್ಲೈತಿ ಇದರಾಗ? ಇದು ಬಸವಣ್ಣನ ಎಡಿ. ನಾ ಈ ಮನಿ ಹೊಸ್ತಲಾ ತುಳದಾಗಿಂದ ಸೋಮಾರ ಈ ಗ್ವಾದಲಿ ಎಡಿ ಇಲ್ದ ಉಳದಿಲ್ಲ. ಎತ್ತ ಮಾರಿ ಬಂದು ಕುಂತಾನ ನನ ಮಗ. ನಾಕ ತಿಂಗಳ ಎಡಿ ಹಿಡಕೊಂಡು ಬಂದು ಖಾಲಿ ಗ್ವಾದಲಿಗೆ ತೋರಿಸಿ ಒಯ್ದೇನಿ. ಆಮ್ಯಾಲ ಇಕಿ ಬಂದ್ಲು. ಬಸವಣ್ಣನs ಕಳಿಸ್ಯಾನ ಅಂದೆ.”

ರಾಧಾಬಾಯಿ ಪರಾತವನ್ನು ತಕ್ಕಡಿಗೆ ಹಾಕುತ್ತಾರೆ. ಪಾತ್ರೆಯ ತೂಕ ಕಳೆದು ಮೂರೂವರೆ ಕಿಲೋ. ಅರ್ಧ ಎಂದು ತಾವು ಎಣಿಸಿದ ದಿನ ಮೈನಾ ತಿಂದದ್ದು ದುಡಿಮೆಯ ದಿನಕ್ಕಿಂತ ಬಹಳ ಹೆಚ್ಚು.

ಇದನ್ನು ಎಂಬತ್ತರ ಮುದುಕಿಗೆ ಹೇಳುವುದು ಹೇಗೆ? ನಿನ್ನ ಭಕ್ತಿಯೇ ಕುದುರೆಯ ಕಾಲು ಕಟ್ಟಿತು ಎನ್ನಲು ಬಾಯಿ ಬರುವುದಿಲ್ಲ. ಮೆಲ್ಲಗೆ ಶುರು ಮಾಡುತ್ತಾರೆ. ಎತ್ತಿಗೆ ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕಲು ಬರುತ್ತದೆ, ಅದಕ್ಕೆ ಹುಗ್ಗಿ ದಕ್ಕುತ್ತದೆ. ಇವಳಿಗೆ ಆ ದಾರಿಯಿಲ್ಲ. ನಿಂತ ದಿನ ತಿಂದದ್ದು ಮೈಯಲ್ಲೇ ಕೂತು ಮರುದಿನ ಗಟ್ಟಿಯಾಗುತ್ತದೆ.

ಚನ್ನವ್ವ ಕೇಳುತ್ತಾರೆ. ಮುಖ ಸಣ್ಣದಾಗುತ್ತದೆ. ಆದರೆ ಸೋಲುವುದಿಲ್ಲ.

“ಅಂದ್ರ ಸೋಮಾರ ಇಕಿನ್ನ ಉಪವಾಸ ಕೆಡವೂದು. ಬಂತ ನೋಡು ಏಕಾದಶಿ!”

“ಏಕಾದಶಿ ನಂದು, ಬಿಡ್ರಿ ಅದನ್ನ. ಸೋಮವಾರ ನೀವು ಏನ್ ಮಾಡತೀರಿ?”

“ಒಪ್ಪತ್ತು ಮಾಡತೇನಿ. ಐವತ್ತು ವರ್ಷ ಆತು.”

“ನಿಮ್ಮ ಗ್ವಾದಲಿಯಾಗ ನಿಂತಾಳ, ನಿಮ್ಮ ಕೈಲೆ ವಿಭೂತಿ ಹಚ್ಚಿಸ್ಕೋತಾಳ. ನಿಮ್ಮ ಒಪ್ಪತ್ತು ಇಕಿಗೂ ಹಿಡಿಸ್ರಿ. ಎಡಿ ಬ್ಯಾಡ ಅನ್ನಂಗಿಲ್ಲ ನಾ. ಹುಗ್ಗಿ ಬದಲಿ ಕರಕಿ ಹುಲ್ಲ ತರ್ರಿ, ತೊಳದು.”

ಚನ್ನವ್ವ ಕುದುರೆಯನ್ನು ನೋಡುತ್ತಾರೆ, ಹುಗ್ಗಿಯನ್ನು ನೋಡುತ್ತಾರೆ. “ಇಷ್ಟ ದೊಡ್ಡ ಮೈ, ಬರೇ ಕರಕಿ,” ಎಂದು ಗೊಣಗುತ್ತ ಪರಾತ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಒಪ್ಪಿದರೋ ಇಲ್ಲವೋ ತಿಳಿಯುವುದಿಲ್ಲ.

ಸಂಜೆ ಸೋಮಪ್ಪನವರಿಗೆ ರಾಧಾಬಾಯಿ ಹೇಳುವುದು ಇಷ್ಟೇ: “ಸೋಮವಾರದ ಕಾಳು ಹೆಚ್ಚಾಗಿತ್ತು ಸೋಮಪ್ಪಾ. ನನ್ನ ಲಕ್ಷ್ಯ ತಪ್ಪಿತ್ತು.” ಸೋಮಪ್ಪ ತಾಯಿಯ ಕಡೆ ನೋಡುತ್ತಾರೆ. ತಾಯಿ ಬತ್ತಿ ಹೊಸೆಯುತ್ತಿದ್ದಾರೆ, ತಲೆ ಎತ್ತುವುದಿಲ್ಲ.

ಶುಕ್ರವಾರ ಹತ್ತು ದಿನ ಮುಗಿದು ಮೈನಾ ಖಾಲಿ ಗಾಡಿ ಎಳೆಯುತ್ತಾಳೆ. ಶನಿವಾರ, ಭಾನುವಾರ ತುಸು ದೂರ. ಕಾಳು ಹಿಡಿ ಹಿಡಿಯಾಗಿ ಏರುತ್ತದೆ. ಸೋಮವಾರ ಹೂಲಿಗೆ ಹೋಗುವುದೋ ಬೇಡವೋ ಎಂದು ರಾಧಾಬಾಯಿ ಬಸ್‌ಸ್ಟ್ಯಾಂಡಿನವರೆಗೆ ಎರಡು ಸಲ ಹೋಗಿ ಎರಡು ಸಲ ತಿರುಗಿ ಬರುತ್ತಾರೆ. ಕಾವಲು ಕೂತರೆ ಮುದುಕಿಗೆ ನೋವಾಗುತ್ತದೆ. ಹೋದರೆ ತಮಗೆ ನೆಮ್ಮದಿ ಇರುವುದಿಲ್ಲ. ಕೊನೆಗೆ ಹೋಗಿಯೇ ಬಿಡುತ್ತಾರೆ. ಸಂಜೆ ಬಂದು ನೋಡಿದರೆ ಗೋದಲಿಯ ಅಂಚಿನಲ್ಲಿ ನಾಲ್ಕೆಳೆ ಕರಕಿ ಅಂಟಿಕೊಂಡಿದೆ, ಹುಗ್ಗಿಯ ಜಿಗುಟು ಎಲ್ಲೂ ಇಲ್ಲ. ಬೆರಳಿನಿಂದ ಒರೆಸಿ, ಮೂಸಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಮಂಗಳವಾರ ಬೆಳಿಗ್ಗೆ ಟಾಂಗಾದಲ್ಲಿ ನಾಲ್ವರು ಭಕ್ತರು. ರಾಧಾಬಾಯಿ ಮೈನಾಳ ಮಗ್ಗುಲಿಗೆ ನಡೆಯುತ್ತಿದ್ದಾರೆ, ಕಣ್ಣು ಹಿಂಗಾಲಿನ ಮೇಲೆ. ಕಾಲು ತಾಸು. ಬೆವರು ಕುತ್ತಿಗೆಯಲ್ಲಿ ಮಾತ್ರ. ಇಪ್ಪತ್ತು ನಿಮಿಷ. ಮೂರೂ ಸಲ ನಿಂತ ತಿರುವು ಬರುತ್ತದೆ. ಮೈನಾ ಹೆಜ್ಜೆ ನಿಧಾನ ಮಾಡುತ್ತಾಳೆ. ರಾಧಾಬಾಯಿ ಅದರ ತೊಡೆಯತ್ತ ಅಂಗೈ ಚಾಚುತ್ತಾರೆ. ಕುದುರೆ ಬಾಲವೆತ್ತಿ ಲದ್ದಿ ಹಾಕಿ, ತಲೆ ಕೊಡವಿ, ಏರು ಹತ್ತತೊಡಗುತ್ತದೆ.

ಗುಡ್ಡದ ಮೇಲೆ ಜನ ಇಳಿದ ಮೇಲೆ ಅವರು ತೊಡೆ ಒತ್ತಿ ನೋಡುತ್ತಾರೆ. ಮೆತ್ತಗಿದೆ. ಫೋನಿನಲ್ಲಿ ಡಾಕ್ಟರು, ಒಂದು ಮಂಗಳವಾರದಿಂದ ಏನೂ ಹೇಳಲಾಗದು, ಕೆಲವು ಕುದುರೆಗಳಿಗೆ ಇದು ರಕ್ತದಲ್ಲೇ ಇರುತ್ತದೆ, ಇನ್ನೂ ನಾಲ್ಕು ವಾರ ನೋಡಿ ಎನ್ನುತ್ತಾರೆ. ರಾಧಾಬಾಯಿಗೂ ಪೂರ್ತಿ ಖಾತ್ರಿಯಿಲ್ಲ. “ಹುಗ್ಗಿನೋ, ಮಳೀನೋ, ಎರಡೂ ಕೂಡೇನೋ. ತಿಳೀತು ಅಂತ ಹೇಳಿದ್ರ ಸುಳ್ಳಾದೀತು. ನಾಳಿ ಮುಂಜಾನೆ ಮತ್ತ ಉಚ್ಚಿ ನೋಡಬೇಕು.”

ಸೋಮಪ್ಪ ಬದಾಮಿಯವನಿಗೆ ಫೋನು ಮಾಡಿ, “ಇಲ್ಲೋ ಮಾರಾಯಾ, ಕೊಡೂದಿಲ್ಲ” ಎಂದು ಇಟ್ಟುಬಿಡುತ್ತಾರೆ. ಆಮೇಲೆ ಖಾಲಿ ಟಾಂಗಾದ ಸೀಟನ್ನು ಟವೆಲಿನಿಂದ ಝಾಡಿಸುತ್ತಾರೆ.

“ಬರ್ರಿ ಬಾಯಾರ, ಕುಂದ್ರ್ರಿ. ಹದಿನೇಳ ವರ್ಷ ಆತು, ಒಮ್ಮೆರೆ ಇದರಾಗ ಕುಂತೀರೇನು?”

“ಒಲ್ಲೆಪಾ” ಎಂದು ರಾಧಾಬಾಯಿ ಸೆರಗು ಸರಿಮಾಡಿಕೊಂಡು ಇಳಿಜಾರಿನ ದಾರಿ ಹಿಡಿಯುತ್ತಾರೆ. “ಇವತ್ತ ಅಕಿಗೆ ಕಾಳು ತೂಕಾ ಮಾಡಿ ಹಾಕೇನಿ. ಆ ಲೆಕ್ಕದಾಗ ನನ್ನ ಭಾರ ಹಿಡದಿಲ್ಲ.”